ವಿಜಯನಗರವನ್ನು ನೀರಿನ ಜಾಡು ಹಿಡಿದು ತೋರಿಸತೊಡಗಿದ್ದು

ಹಂಪಿಯಲ್ಲಿ ಮಾರ್ಗದರ್ಶಿಯಾಗಿ ಕೆಲಸ ಆರಂಭಿಸಿದ ಮೊದಲ ವರ್ಷಗಳಲ್ಲಿ ನಾನೂ ಎಲ್ಲರೂ ಹಿಡಿಯುವ ದಾರಿಯನ್ನೇ ಹಿಡಿಯುತ್ತಿದ್ದೆ. ಬೆಳಿಗ್ಗೆ ವಿರೂಪಾಕ್ಷ, ಆಮೇಲೆ ಸಾಸಿವೆಕಾಳು ಗಣಪ, ಕೃಷ್ಣ ದೇವಾಲಯ, ಲಕ್ಷ್ಮೀನರಸಿಂಹ, ಊಟ, ಕಮಲ ಮಹಲ್, ಆನೆಲಾಯ, ಸಂಜೆಗೆ ವಿಜಯ ವಿಠ್ಠಲ. ಪ್ರತಿ ನಿಲುಗಡೆಯಲ್ಲೂ ಅರಸನ ಹೆಸರು, ಇಸವಿ, ಎತ್ತರ, ಒಂದು ಕಥೆ. ಬಂದವರು ತೃಪ್ತಿಯಿಂದಲೇ ಮರಳುತ್ತಿದ್ದರು. ಆದರೆ ಇಡೀ ದಿನ ಸುತ್ತಿದರೂ ಅವರ ಮನಸ್ಸಿನಲ್ಲಿ ಉಳಿಯುತ್ತಿದ್ದುದು ಬಿಡಿಬಿಡಿ ಕಟ್ಟಡಗಳೇ ಹೊರತು ಜನ ಬಾಳಿದ ಒಂದು ರಾಜಧಾನಿಯಲ್ಲ ಎಂಬುದು ನನಗೆ ತಡವಾಗಿ ತಿಳಿಯಿತು.

ಅದನ್ನು ತಿಳಿಸಿಕೊಟ್ಟವರು ನೀರಾವರಿ ಕೆಲಸದಿಂದ ನಿವೃತ್ತರಾಗಿ, ಮಗಳು ಮತ್ತು ಮೊಮ್ಮಗನೊಡನೆ ಬಂದಿದ್ದ ಒಬ್ಬ ಹಿರಿಯರು. ಮಹಾನವಮಿ ದಿಬ್ಬದ ಬಳಿಯ ಮೆಟ್ಟಿಲುಗಳ ಪುಷ್ಕರಣಿಯ ಮುಂದೆ ನಾನು ಅದರ ಅಂದವನ್ನು ವರ್ಣಿಸುತ್ತಿದ್ದಾಗ ಅವರು ಮೆಲ್ಲಗೆ, "ಅದೆಲ್ಲ ಸರಿಯಪ್ಪಾ, ಈ ಹೊಂಡಕ್ಕೆ ನೀರು ಎಲ್ಲಿಂದ ಬರುತ್ತಿತ್ತು, ತುಂಬಿದ ಮೇಲೆ ಎಲ್ಲಿಗೆ ಹೋಗುತ್ತಿತ್ತು, ಅದನ್ನು ಹೇಳು" ಎಂದರು. ಕಲ್ಲಿನ ಕಂಬಗಳ ಮೇಲೆ ಬಂದು ಹೊಂಡದ ಅಂಚಿಗೆ ಸೇರುವ ಮೇಲ್ಗಾಲುವೆ ನಮ್ಮ ಕಣ್ಣೆದುರಿಗೇ ಇತ್ತು. ಅದನ್ನು ಕೈ ಮಾಡಿ ತೋರಿಸಿದೆ. "ಅದಕ್ಕೆ ಎಲ್ಲಿಂದ?" ಎಂದು ಅವರು ಮತ್ತೆ ಕೇಳಿದಾಗ ನನ್ನ ಬಳಿ ಉತ್ತರವಿರಲಿಲ್ಲ. ನೂರಾರು ಸಲ ನಿಂತ ಜಾಗದಲ್ಲಿ ಅಷ್ಟು ಸರಳವಾದ ಪ್ರಶ್ನೆಯನ್ನು ನಾನು ಒಮ್ಮೆಯೂ ಕೇಳಿಕೊಂಡಿರಲಿಲ್ಲ ಎಂಬ ಸಂಕಟ ಬಹಳ ದಿನ ಕಾಡಿತು.

ಆ ಬೇಸಿಗೆಯಲ್ಲಿ, ಪ್ರವಾಸಿಗರು ವಿರಳವಾಗಿದ್ದ ದಿನಗಳನ್ನು ಕಾಲುವೆಗಳ ಮೇಲೆ ನಡೆಯುವುದಕ್ಕೆ ಕೊಟ್ಟೆ. ಅರಮನೆಯ ಆವರಣದಿಂದ ಹಿಂದಕ್ಕೆ, ಕಮಲಾಪುರದ ಕೆರೆಯ ಕಡೆಗೆ ಹೋದೆ. ಆ ಕೆರೆಯನ್ನು ತುಂಬುವ ರಾಯ ಕಾಲುವೆಯ ಜಾಡು ಹಿಡಿದು ಸಾಧ್ಯವಾದಷ್ಟು ದೂರ ನಡೆದೆ. ರಾಯ ಮತ್ತು ಬಸವಣ್ಣ ಕಾಲುವೆಗಳಿಗೆ ಮೊದಲು ನೀರು ತಿರುಗಿಸುತ್ತಿದ್ದ ಹಳೆಯ ಅಣೆಕಟ್ಟು ತುಂಗಭದ್ರಾ ಜಲಾಶಯದಲ್ಲಿ ಮುಳುಗಿದೆ. ಈಗ ಅವುಗಳಿಗೆ ನೀರು ಜಲಾಶಯದಿಂದಲೇ ಸಿಗುತ್ತದೆ. ತುಂಗಭದ್ರಾ ಅಣೆಕಟ್ಟಿನ ಕೆಳಗಡೆ ನದಿಯಿಂದ ಹೊರಡುವ ತುರ್ತು ಕಾಲುವೆ ಮಾತ್ರ ದೇವಾಲಯಗಳ ಸಾಲಿಗೂ ಅರಮನೆಯ ಕೋಟೆಗೂ ನಡುವಣ ಕಣಿವೆಯಲ್ಲಿ ಇಂದಿಗೂ ಬಾಳೆ, ಭತ್ತ, ಕಬ್ಬಿಗೆ ನೀರುಣಿಸುತ್ತ ಹರಿಯುತ್ತಿದೆ. ಇಷ್ಟನ್ನು ಕಾಲಿನಿಂದ ಅಳೆದ ಮೇಲೆ ಹಂಪಿಯನ್ನು ನೋಡುವ ನನ್ನ ಬಗೆಯೇ ಬೇರೆಯಾಯಿತು. 1565ರ ಯುದ್ಧದ ನಂತರ ನಗರ ಪಾಳುಬಿದ್ದರೂ ಅದರ ಕಾಲುವೆಗಳ ಕೆಲಸ ನಿಲ್ಲಲಿಲ್ಲ ಎಂಬುದನ್ನು ಬಂದವರಿಗೆ ತೋರಿಸಲೇಬೇಕೆಂದು ನಿಶ್ಚಯಿಸಿದೆ.

ಈಗ ನಾನು ಒಂದು ಸಲಕ್ಕೆ ಒಂದೇ ಕುಟುಂಬವನ್ನು ಅಥವಾ ಒಂದೇ ಸಣ್ಣ ತಂಡವನ್ನು ಕರೆದೊಯ್ಯುತ್ತೇನೆ. ಅವರು ಬರುವ ಎರಡು ಮೂರು ದಿನ ಮೊದಲೇ ಫೋನಿನಲ್ಲಿ ಮಾತನಾಡಿ, ಹಿರಿಯರಿಗೆ ಮಂಡಿನೋವು ಇದೆಯೇ, ಮಕ್ಕಳ ವಯಸ್ಸೆಷ್ಟು, ಮೊದಲು ಹಂಪಿಗೆ ಬಂದಿದ್ದಾರೆಯೇ, ಪೂಜೆ ಮಾಡಿಸುವ ಮನಸ್ಸಿದೆಯೇ ಎಂದು ಕೇಳಿಕೊಳ್ಳುತ್ತೇನೆ. ಇದು ಬರಿಯ ಉಪಚಾರದ ಮಾತಲ್ಲ. ದಿನದ ಮೊದಲ ನಿಲುಗಡೆ ಯಾವುದಾಗಬೇಕು ಎಂಬುದು ಈ ಉತ್ತರಗಳ ಮೇಲೆ ನಿಂತಿದೆ. ಏಕೆಂದರೆ ನಾನು ದಿನವನ್ನು ಎತ್ತರದ ಜಾಗದಿಂದಲೇ ಆರಂಭಿಸುತ್ತೇನೆ, ಮತ್ತು ಎಲ್ಲರ ಕಾಲುಗಳೂ ಒಂದೇ ಎತ್ತರವನ್ನು ಏರಲಾರವು. ಗಟ್ಟಿಮುಟ್ಟಾದವರಿಗೆ ಮಾತಂಗ ಪರ್ವತ. ಸ್ವಲ್ಪ ನಡೆಯಬಲ್ಲವರಿಗೆ ಹೇಮಕೂಟ. ಮೆಟ್ಟಿಲು ಹತ್ತಲಾರದ ಅಜ್ಜ ಅಜ್ಜಿಯರಿದ್ದರೆ ವಾಹನ ಮೇಲಿನವರೆಗೂ ಹೋಗುವ ಮಾಲ್ಯವಂತ.

ಮೇಲೆ ತಲುಪಿದ ಕೂಡಲೇ ಕಥೆ ಹೇಳುವುದಿಲ್ಲ. ಹತ್ತು ನಿಮಿಷ ಸುಮ್ಮನೆ ನೋಡಲು ಬಿಟ್ಟು, ಅನಂತರ ಒಂದೇ ಪ್ರಶ್ನೆ ಕೇಳುತ್ತೇನೆ: ಇಷ್ಟು ಬಂಡೆಗಳ ನಡುವೆ ಹಸಿರು ಎಲ್ಲಿದೆ? ಮಕ್ಕಳು ಬೇಗ ಕಂಡುಹಿಡಿಯುತ್ತಾರೆ. ಹಸಿರು ಎಲ್ಲೆಂದರಲ್ಲಿ ಹರಡಿಲ್ಲ, ಪಟ್ಟಿಯಂತೆ ಬಳಸಿ ಸಾಗುತ್ತದೆ, ಆ ಪಟ್ಟಿಯೇ ಕಾಲುವೆ. ಆಗ ಸುಮಾರು 1520ರಲ್ಲಿ ಇಲ್ಲಿಗೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್‌ನ ವಿಷಯ ಹೇಳುತ್ತೇನೆ. ಅವನೂ ಒಂದು ಗುಡ್ಡ ಹತ್ತಿ ನಗರವನ್ನು ನೋಡಿ, ಅದು ರೋಮ್ ನಗರದಷ್ಟು ದೊಡ್ಡದಾಗಿ ಕಂಡಿತೆಂದು ಬರೆದ. ಮನೆಗಳ ತೋಟಗಳಲ್ಲಿನ ಮರಗಳ ತೋಪುಗಳನ್ನೂ ನಗರದ ನಡುವೆ ಹರಿಯುವ ನೀರಿನ ಕಾಲುವೆಗಳನ್ನೂ ಅಲ್ಲಲ್ಲಿದ್ದ ಕೆರೆಗಳನ್ನೂ ಗುರುತಿಸಿದ. ಐದು ನೂರು ವರ್ಷಗಳ ನಂತರ ಅದೇ ನೋಟದ ಒಂದು ಭಾಗವನ್ನು ತಾವೂ ಕಾಣುತ್ತಿದ್ದೇವೆಂದು ಅರಿತಾಗ ಬಂದವರ ಮುಖದಲ್ಲಿ ಮೂಡುವ ಭಾವ ನನಗೆ ಆ ದಿನದ ಮೊದಲ ಸಂಭಾವನೆ.

ಬೆಟ್ಟ ಇಳಿದು ವಿರೂಪಾಕ್ಷನ ದರ್ಶನ. ಕೃಷ್ಣದೇವರಾಯನ ಪಟ್ಟಾಭಿಷೇಕದ ಸಂದರ್ಭದ 1510ರ ಶಾಸನ ಮತ್ತು ಅವನು ಕಟ್ಟಿಸಿದ ರಂಗಮಂಟಪವನ್ನು ನೋಡಿ, ಗೋಪುರದ ನೆರಳು ಕತ್ತಲೆಯ ಕೋಣೆಯ ಗೋಡೆಯ ಮೇಲೆ ತಲೆಕೆಳಗಾಗಿ ಬೀಳುವುದನ್ನು ಮಕ್ಕಳಿಗೆ ತೋರಿಸುತ್ತೇನೆ. ಆದರೆ ಹೆಚ್ಚಿನವರು ಗಮನಿಸದೆ ದಾಟಿಹೋಗುವ ಒಂದು ಜಾಗದಲ್ಲಿ ಅವರನ್ನು ನಿಲ್ಲಿಸದೆ ಮುಂದೆ ಬಿಡುವುದಿಲ್ಲ. ನದಿಯ ನೀರನ್ನು ಪ್ರಾಕಾರದೊಳಕ್ಕೆ ತಂದು ಪಾಕಶಾಲೆಯವರೆಗೆ ಹರಿಸುತ್ತಿದ್ದ ಕಿರಿದಾದ ಕಲ್ಲುಗಾಲುವೆ ಅದು. ದೇವರ ನೈವೇದ್ಯದಿಂದ ಗದ್ದೆಯ ಭತ್ತದವರೆಗೆ ಎಲ್ಲವೂ ಒಂದೇ ನದಿಯನ್ನು ನಂಬಿತ್ತು ಎಂಬುದಕ್ಕೆ ಅದಕ್ಕಿಂತ ಹತ್ತಿರದ ಸಾಕ್ಷಿ ನನಗೆ ಸಿಕ್ಕಿಲ್ಲ.

ಅಲ್ಲಿಂದ ಕೃಷ್ಣ ದೇವಾಲಯ. ಉದಯಗಿರಿಯ ದಂಡಯಾತ್ರೆಯಿಂದ ತಂದ ಬಾಲಕೃಷ್ಣನಿಗಾಗಿ ಕೃಷ್ಣದೇವರಾಯ ಕಟ್ಟಿಸಿದ ಗುಡಿ ಇದು; ಆ ಮೂರ್ತಿ ಈಗ ಚೆನ್ನೈನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಗುಡಿಯ ಎದುರಿನ ಬಜಾರಿಗೆ ಇಳಿದು ಪುಷ್ಕರಣಿಯನ್ನೂ ಅದರ ಪಕ್ಕದ ಬಾಳೆಯ ತೋಟಗಳನ್ನೂ ನೋಡುತ್ತೇವೆ. 1528ರಲ್ಲಿ ಏಕಶಿಲೆಯಲ್ಲಿ ಕೆತ್ತಿದ ನರಸಿಂಹನನ್ನು ಜನ ಉಗ್ರನರಸಿಂಹನೆಂದೇ ಕರೆಯುತ್ತಾರೆ. ತೊಡೆಯ ಮೇಲಿದ್ದ ಲಕ್ಷ್ಮಿಯ ವಿಗ್ರಹ ಭಗ್ನವಾದುದರಿಂದ ಆ ಹೆಸರು ಬಂತೆಂದೂ ಅವನು ಲಕ್ಷ್ಮೀನರಸಿಂಹನೇ ಎಂದೂ ತಿಳಿಸಿ, ಪಕ್ಕದ ಬಡವಿಲಿಂಗಕ್ಕೆ ಹೋಗುತ್ತೇವೆ. ಸುಮಾರು 3 ಮೀಟರ್ ಎತ್ತರದ ಆ ಲಿಂಗದ ಪೀಠವನ್ನು ನೀರು ಸದಾ ಸುತ್ತಿರುವುದು ಪವಾಡದಿಂದಲ್ಲ, ಕಾಲುವೆಯಿಂದ. ಗರ್ಭಗುಡಿಯ ನೆಲವನ್ನೇ ನೀರಿಗೆ ಒಪ್ಪಿಸಿದ ಆ ಶಿಲ್ಪಿಗಳ ಯೋಚನೆ ನನ್ನನ್ನು ಇಂದಿಗೂ ಬೆರಗಾಗಿಸುತ್ತದೆ.

ಬಿಸಿಲೇರುವ ಮುನ್ನ ಅರಮನೆಯ ಆವರಣ ತಲುಪಿದರೆ ಎರಡು ಗಂಟೆಯನ್ನಾದರೂ ಅಲ್ಲಿ ಕಳೆಯುತ್ತೇವೆ. ನನ್ನ ಪ್ರವಾಸದ ತಿರುಳು ಇರುವುದು ಇಲ್ಲಿಯೇ. ಮೊದಲು ಮಹಾನವಮಿ ದಿಬ್ಬ ಹತ್ತಿಸಿ, ಕಾಲಡಿಯಲ್ಲಿ ಹರಡಿದ ಅಡಿಪಾಯಗಳನ್ನೂ ಕಲ್ಲುಗಾಲುವೆಗಳನ್ನೂ ತೋರಿಸುತ್ತೇನೆ. 1443ರಲ್ಲಿ ಇಮ್ಮಡಿ ದೇವರಾಯನ ಕಾಲದಲ್ಲಿ ಬಂದ ಪರ್ಷಿಯಾದ ರಾಯಭಾರಿ ಅಬ್ದುಲ್ ರಜಾಕ್, ಅರಸನ ಅರಮನೆಯಿದ್ದ ಪ್ರದೇಶದಲ್ಲಿ ನಯವಾಗಿ ಕಡೆದ ಕಲ್ಲಿನ ಕಾಲುವೆಗಳಲ್ಲಿ ನೀರು ಹರಿಯುತ್ತಿತ್ತೆಂದು ಬರೆದಿದ್ದಾನೆ. ಅವನ ಮಾತನ್ನು ಅಲ್ಲಿಯೇ ಹೇಳಿ, ಕೆಳಗಿಳಿದು, ಕಾಲುವೆಯನ್ನು ಕೈಯಿಂದ ಮುಟ್ಟಿ ನೋಡಲು ಹೇಳುತ್ತೇನೆ.

ಮೆಟ್ಟಿಲುಗಳ ಪುಷ್ಕರಣಿ 1980ರ ದಶಕದ ಉತ್ಖನನದಲ್ಲಿ ಬೆಳಕಿಗೆ ಬಂದದ್ದು. ಸುಮಾರು 22 ಮೀಟರ್ ಚಚ್ಚೌಕದ, ಸುಮಾರು 7 ಮೀಟರ್ ಆಳದ ಈ ಹೊಂಡವನ್ನು ಸುತ್ತಲಿನ ಗ್ರಾನೈಟ್ ಬಂಡೆಯಿಂದಲ್ಲ, ಕಪ್ಪಾದ ನಯವಾದ ಕಲ್ಲಿನಿಂದ ಕಟ್ಟಿದ್ದಾರೆ. ಕಲ್ಲುಗಳ ಮೇಲೆ ಯಾವುದು ಯಾವ ದಿಕ್ಕಿನ, ಯಾವ ಸಾಲಿನ ಕಲ್ಲೆಂದು ಕೆಲಸಗಾರರು ಹಾಕಿದ ಗುರುತುಗಳಿವೆ. ಇಲ್ಲಿ ನಿಂತು ನಾನು ಆ ಹಿರಿಯರ ಪ್ರಶ್ನೆಯನ್ನು ಬಂದವರಿಗೇ ಕೇಳಿ, ಉತ್ತರ ಹುಡುಕಲು ಅವರನ್ನು ಕಂಬಗಳ ಮೇಲಿನ ಮೇಲ್ಗಾಲುವೆಯ ಗುಂಟ ನಡೆಸುತ್ತೇನೆ. ರಾಣಿಯರ ಸ್ನಾನಗೃಹವೆಂದು ಕರೆಯುವ ಕಟ್ಟಡದ ಸುತ್ತಲಿನ ಕಂದಕ, ಅಷ್ಟಕೋನದ ಕೊಳ, ಕಾಲುವೆಯ ಎರಡೂ ಬದಿಗೆ ಕಲ್ಲಿನಲ್ಲೇ ತಟ್ಟೆಗಳನ್ನು ಕೊರೆದ ಭೋಜನಶಾಲೆ, ಇವೆಲ್ಲ ಆ ನಡಿಗೆಯ ಮುಂದುವರಿಕೆಯಾಗಿ ಬರುತ್ತವೆ. ಈ ಹೆಸರುಗಳಲ್ಲಿ ಹಲವು ಈಚಿನವರು ಊಹಿಸಿ ಇಟ್ಟವು ಎಂಬುದನ್ನೂ ಮರೆಯದೆ ಹೇಳುತ್ತೇನೆ. ಮೊದಲು ನಾನೇ ಅಲ್ಲಿ ರಾಣಿಯರ ಜಲಕ್ರೀಡೆಯ ಕಥೆ ಕಟ್ಟುತ್ತಿದ್ದೆನಾದ್ದರಿಂದ ಈ ವಿಷಯದಲ್ಲಿ ಹೆಚ್ಚು ಎಚ್ಚರ ವಹಿಸುತ್ತೇನೆ. ನೆಲಮಟ್ಟಕ್ಕಿಂತ ಕೆಳಗಿರುವ ಪ್ರಸನ್ನ ವಿರೂಪಾಕ್ಷ ಗುಡಿಯಲ್ಲಿ ನೀರು ನಿಂತಿರುವುದನ್ನು ಕಂಡಾಗ ಬಂದವರು ತಾವಾಗಿಯೇ ಕಾಲುವೆಯ ಮಟ್ಟದ ಬಗ್ಗೆ ಚರ್ಚಿಸತೊಡಗುತ್ತಾರೆ. ಅಲ್ಲಿಂದ ಮುಂದೆ ನಾನು ಮಾತು ಕಡಿಮೆ ಮಾಡಿಬಿಡುತ್ತೇನೆ.

ಹಜಾರರಾಮ ದೇವಾಲಯದ ರಾಮಾಯಣದ ಸಾಲುಗಳಿಗೆ ಅರ್ಧ ಗಂಟೆ, ಕಮಲ ಮಹಲ್ ಮತ್ತು ಆನೆಲಾಯಕ್ಕೆ ಅದಕ್ಕಿಂತ ಕಡಿಮೆ. ಊಟದ ನಂತರದ ಉರಿಬಿಸಿಲಿಗೆ ಕಮಲಾಪುರದ ವಸ್ತುಸಂಗ್ರಹಾಲಯವನ್ನು ಇರಿಸಿಕೊಂಡಿದ್ದೇನೆ. ಅಲ್ಲಿನ ಹಂಪಿಯ ದೊಡ್ಡ ಪ್ರತಿಕೃತಿಯ ಸುತ್ತ ನಿಂತಾಗ ಬೆಳಿಗ್ಗೆ ನಡೆದ ದಾರಿಯೆಲ್ಲ ಒಮ್ಮೆಗೇ ಕಾಣುತ್ತದೆ. ಕಮಲ ಮಹಲ್ ಆವರಣ, ವಸ್ತುಸಂಗ್ರಹಾಲಯ ಮತ್ತು ವಿಠ್ಠಲ ದೇವಾಲಯಕ್ಕೆ ಅದೇ ದಿನ ಒಂದೇ ಟಿಕೆಟ್ ಸಲ್ಲುವುದರಿಂದ ಅದನ್ನು ಜೋಪಾನವಾಗಿಡುವಂತೆ ಬೆಳಿಗ್ಗೆಯೇ ಹೇಳಿರುತ್ತೇನೆ. ವಿಠ್ಠಲ ದೇವಾಲಯದಲ್ಲಿ ಕಂಬಗಳನ್ನು ತಟ್ಟಿ ನಾದ ಕೇಳಿಸಿ ಎಂದು ಒತ್ತಾಯಿಸುವವರಿಗೆ ವಿನಯದಿಂದ ನಿರಾಕರಿಸುತ್ತೇನೆ. ನಿಷೇಧವಿದೆ ಎಂಬುದಷ್ಟೇ ಅಲ್ಲ, ಆ ಕಂಬಗಳು ಸವೆದಿರುವುದನ್ನು ಕಣ್ಣಾರೆ ನೋಡಿದ್ದೇನೆ. ಕಲ್ಲಿನ ರಥ ವಾಸ್ತವವಾಗಿ ಗರುಡನ ಗುಡಿಯೆಂದೂ ಅದರ ಮೇಲೆ ಇಟ್ಟಿಗೆಯ ಶಿಖರವಿತ್ತೆಂದೂ 1856ರಲ್ಲಿ ಬ್ರಿಟಿಷ್ ಸೇನಾಧಿಕಾರಿ ಗ್ರೀನ್‌ಲಾ ತೆಗೆದ ಛಾಯಾಚಿತ್ರದ ಪ್ರತಿಯನ್ನು ತೋರಿಸಿ ವಿವರಿಸುತ್ತೇನೆ.

ಎರಡನೆಯ ದಿನ ಉಳಿಯುವವರಿದ್ದರೆ ಹೊಸಪೇಟೆಯ ದಕ್ಷಿಣಕ್ಕೆ ಗುಡ್ಡಗಳ ನಡುವೆ ಕೃಷ್ಣದೇವರಾಯ ಕಟ್ಟಿಸಿದ ಕೆರೆಯ ಏರಿಯನ್ನು ತೋರಿಸುತ್ತೇನೆ. ಅಲ್ಲಿ ಸಾವಿರಾರು ಜನ ಇರುವೆಗಳಂತೆ ದುಡಿಯುತ್ತಿದ್ದುದನ್ನೂ ಏರಿ ಎರಡು ಮೂರು ಸಲ ಒಡೆದುದನ್ನೂ ಪಾಯೆಸ್ ದಾಖಲಿಸಿದ್ದಾನೆ. ಸೋತು ಮತ್ತೆ ಕಟ್ಟಿದ ಆ ಕೆಲಸದ ಮುಂದೆ ನಿಂತಾಗ ರಾಜಧಾನಿಯ ವೈಭವದ ಹಿಂದಿನ ದುಡಿಮೆ ಅರ್ಥವಾಗುತ್ತದೆ.

ಪ್ರತಿ ಪ್ರವಾಸದ ಹಿಂದಿನ ಸಂಜೆ ನಾನು ತುರ್ತು ಕಾಲುವೆಯ ದಂಡೆಗೆ ಹೋಗಿ ನೀರು ಬಿಟ್ಟಿದ್ದಾರೆಯೇ ಎಂದು ನೋಡಿ ಬರುತ್ತೇನೆ. ಕಾಲುವೆ ಬತ್ತಿದ್ದರೆ ಮರುದಿನ ನೀರಿನ ಕಥೆಗೆ ಬಡವಿಲಿಂಗವನ್ನು ನೆಚ್ಚುವುದಿಲ್ಲ. ಬೆಟ್ಟ ಇಳಿದ ಮೇಲೆ ನೇರವಾಗಿ ಕಮಲಾಪುರದ ಕೆರೆಯ ಏರಿಯಿಂದಲೇ ಆ ಕಥೆ ಆರಂಭಿಸುತ್ತೇನೆ.