ಕಾರು ತೊಳೆಯೋ ಕೆಲಸಕ್ಕೆ ಗಾಡಿ: ಬಳ್ಳಾರಿಯಲ್ಲಿ ನನ್ನ ಅನುಭವ

ಕಾರು ಇರೋ ಕಡೆಗೇ ಹೋಗಿ ತೊಳೆಯೋಕೆ ವ್ಯಾನಿನಲ್ಲಿ ನೀರಿನ ಟ್ಯಾಂಕ್ ಇಟ್ಟಿದ್ದೆ. 500 ಲೀಟರ್ ಟ್ಯಾಂಕ್ ತುಂಬಿಸಿದರೆ ವ್ಯಾನಿನ ಹಿಂಭಾಗ ಕುಸಿಯುತ್ತಿತ್ತು, ಬ್ರೇಕ್ ಹಾಕಿದಾಗ ನೀರು ನುಗ್ಗಿ ಗಾಡಿಯನ್ನೇ ಮುಂದಕ್ಕೆ ತಳ್ಳುತ್ತಿತ್ತು. ಹಿಂದಿನ ಸ್ಪ್ರಿಂಗ್‌ಗೆ ಪಟ್ಟಾ ಜಾಸ್ತಿ ಹಾಕಿಸಿದೆ, ಟೈರ್ ಗಾಳಿ ಏರಿಸಿದೆ, ಸುಮ್ನೆ ದುಡ್ಡು ಹೋಯಿತು. ಟ್ಯಾಂಕ್ ಅರ್ಧ ತುಂಬಿಸಿದ್ದಂತೂ ಇನ್ನೂ ಕೆಟ್ಟದು, ನೀರು ಓಲಾಡೋಕೆ ಜಾಗ ಸಿಗುತ್ತದಲ್ವಾ.

ಕೊನೆಗೆ ತೂಕದ ಲೆಕ್ಕ ಹಾಕಿದೆ. ಲೀಟರ್ ನೀರು ಅಂದರೆ ಒಂದು ಕೆಜಿ. ನೀರು 500, ಜನರೇಟರ್, ನೀರು ಜೋರಾಗಿ ಚಿಮ್ಮಿಸೋ ವಾಷರ್, ವ್ಯಾಕ್ಯೂಮ್ ಕ್ಲೀನರ್ ಸೇರಿ 90, ನಾವಿಬ್ಬರು 140. ಒಟ್ಟು 730. ವ್ಯಾನ್ ಹೊರೋದು 500 ಮಾತ್ರ!

ಅದನ್ನು ಮಾರಿ 750 ಕೆಜಿ ಹೊರುವ ಮಿನಿ ಟ್ರಕ್ ತಗೊಂಡೆ. ಟ್ಯಾಂಕ್ 400 ಲೀಟರಿಗೆ ಇಳಿಸಿದೆ, ಒಳಗೆ ನೀರಿನ ಓಲಾಟ ತಗ್ಗಿಸೋ ಎರಡು ಅಡ್ಡ ತಡೆ ಇರೋದು. ಮೊದಲು ಟ್ಯಾಂಕನ್ನು ಕ್ಯಾಬಿನ್ ಬೆನ್ನಿಗೆ, ಹಿಂದಿನ ಆಕ್ಸಲ್‌ಗಿಂತ ಮುಂದೆ ಕೂರಿಸಿ ಗಾಡಿಯ ಚಾಸಿಗೆ (ಕೆಳಗಿನ ಚೌಕಟ್ಟಿಗೆ) ಬೋಲ್ಟ್ ಹಾಕಿಸಿದೆ, ಆಮೇಲೆ ವಾಷರ್, ಹೊಗೆ ಹೊರಹೋಗಲಿ ಅಂತ ಜನರೇಟರ್ ಹಿಂಬದಿ ಅಂಚಿಗೆ. ಸಂಡೂರು ಕಡೆಯ ಅದಿರಿನ ಕೆಂಪು ಧೂಳು ಕೂತ ಕಾರಿಗೂ ನನಗೆ 60 ಲೀಟರ್ ಸಾಕಾಗುತ್ತದೆ.