ಎಂಟಡಿ ದಾರ, ಎರಡು ಊರು: ರಕ್ಸೌಲ್–ಬೀರ್‌ಗಂಜ್‌ನಲ್ಲಿ ನನ್ನ ಅನುಭವ

"ಲಗ್ನದ ಫೋಟೊ ಹೊಡಿಯೋನ ಕೈಗಿ ಬೀದಿ ಸಿಗಲ್ಲ ತಮ್ಮಾ. ನೀ ಎಲ್ಲಾರಿಗೂ 'ಜರಾ ಗದ್ದ ಮ್ಯಾಲ ಮಾಡ್ರಿ' ಅಂತೀದಿ."

ಬೀದರ್‌ನ ಊರ ನಡುವಿನ ಗಡಿಯಾರ ಗೋಪುರ ಚೌಬಾರದ ಹತ್ತಿರ ಭಾನುವಾರ ಬೆಳಿಗ್ಗೆ ಕ್ಯಾಮೆರಾ ಹಿಡಿದು ಸೇರುವ ನಮ್ಮ ಗುಂಪಿನಲ್ಲಿ ಹಿರಿಯರೊಬ್ಬರು ಹೇಳಿದ ಮಾತಿದು. ಎಲ್ಲರೂ ನಕ್ಕರು, ನಾನೂ ನಕ್ಕೆ. ಮನೆಗೆ ಬಂದ ಮೇಲೆ ನಗು ಬರಲಿಲ್ಲ. ಹದಿನೆಂಟು ವರ್ಷದಿಂದ ಲಗ್ನ, ಸೀಮಂತ, ತೊಟ್ಟಿಲು ಅಂತ ಇದೇ ಕೆಲಸ ಮಾಡಿಕೊಂಡು ಬಂದವನು ನಾನು. ಆದರೆ ಅದೇ "ಗದ್ದ ಮ್ಯಾಲ" ಕೊನೆಗೆ ನನ್ನನ್ನು ದಡ ಸೇರಿಸಿತು.

ಬೀದಿ ಫೋಟೊ ಹೊಡೆಯಲು ನೇಪಾಳ ಗಡಿಯಲ್ಲಿರುವ ಬಿಹಾರದ ಊರು ರಕ್ಸೌಲ್ ಯಾಕೆ ಅಂತ ಎಲ್ಲರೂ ಕೇಳುತ್ತಾರೆ. ನಮ್ಮ ಓಣಿಯಲ್ಲಿ ಪಾನಿಪುರಿ ಗಾಡಿ ಹಾಕುವ ಹುಡುಗ ಆ ಕಡೆಯವನು. ಅವನ ಅಕ್ಕನನ್ನು ಕೊಟ್ಟಿರುವುದು ನೇಪಾಳದ ಬೀರ್‌ಗಂಜ್‌ಗೆ. "ಬೇರೆ ದೇಶಕ್ಕ ಕೊಟ್ಟೀರೇನೋ?" ಅಂದರೆ, "ಟಾಂಗಾದಾಗ ಹೋಗಿ ಊಟ ಮಾಡಿ ಬರ್ತೀವಿ ಭೈಯಾ" ಅಂದ. ಅಲ್ಲಿಗೇ ನನಗೆ ಹುಳ ಹೊಕ್ಕಿತು. ಬೀದರ್‌ನವರಿಗೆ ಇದು ಪೂರಾ ಹೊಸದೂ ಅಲ್ಲ. 1956ರಲ್ಲಿ ರಾಜ್ಯಗಳ ಗಡಿ ಬದಲಾಗುವ ಮೊದಲು, ಈಗ ಮಹಾರಾಷ್ಟ್ರ, ತೆಲಂಗಾಣದಲ್ಲಿರುವ ಉದಗೀರ, ನಿಲಂಗಾ, ಜಹೀರಾಬಾದ್, ನಾರಾಯಣಖೇಡ ಎಲ್ಲ ನಮ್ಮ ಜಿಲ್ಲೆಯವೇ. ನಮ್ಮ ಅಜ್ಜಿಯ ತವರು ಉದಗೀರ. ಅಕಿ ಸಾಯುವ ತನಕ ಅದನ್ನು ಮಹಾರಾಷ್ಟ್ರ ಅಂತ ಅಂದವಳೇ ಅಲ್ಲ.

ಮೊದಲ ಸಲ ಹೋಗಿದ್ದು 2022ರ ಆಷಾಢದಲ್ಲಿ, ಲಗ್ನ ಇಲ್ಲದ ತಿಂಗಳು. ಹೈದರಾಬಾದಿನಿಂದ ರಕ್ಸೌಲ್‌ಗೆ ನೇರ ರೈಲಿದೆ, ಎರಡು ರಾತ್ರಿ ಅದರಲ್ಲೇ ಹೋಗುತ್ತದೆ. ಗೆಳೆಯನಿಂದ 70–200 ಎಂಎಂನ ಉದ್ದದ ಲೆನ್ಸ್ ಬಾಡಿಗೆಗೆ ತಂದಿದ್ದೆ, ವಾರಕ್ಕೆ ಮೂರೂವರೆ ಸಾವಿರ. ದೂರ ನಿಂತು ಯಾರಿಗೂ ಗೊತ್ತಾಗದ ಹಾಗೆ ಹೊಡೆದರೆ ಮಾತ್ರ ಬೀದಿ ಫೋಟೊ ಅಂತ ಗುಂಪಿನಲ್ಲಿ ಕೇಳಿ ಕೇಳಿ ತಲೆಯಲ್ಲಿ ಕೂತಿತ್ತು. ಎರಡು ಊರಿನ ನಡುವೆ ಸಿರ್ಸಿಯಾ ನದಿ, ಅದರ ಮೇಲೆ ಮೈತ್ರಿ ಸೇತುವೆ. ನದಿ ಅಂದರೆ ಕಪ್ಪು ನೀರು, ಮೂಗು ಮುಚ್ಚಿಕೊಳ್ಳಬೇಕು. ಸೇತುವೆಯ ಮೇಲೆ ನಿಂತು ಉದ್ದದ ಲೆನ್ಸ್ ಎತ್ತಿದ್ದೇ ತಡ, ಸಿಬ್ಬಂದಿಯೊಬ್ಬ ಬಂದು ಕರೆದುಕೊಂಡು ಹೋದ. ಎರಡು ತಾಸು ಕೂರಿಸಿದರು. ಒಂದು ಕಾರ್ಡಿನ ಎಲ್ಲ ಫೋಟೊ ಅಳಿಸಿದರು. ಅವರದೇನೂ ತಪ್ಪಿಲ್ಲ, ಗಡಿ ಸೇತುವೆಯ ಮೇಲೆ ಅಂಥ ಲೆನ್ಸ್ ಎತ್ತಿದವನು ನಾನು. ಆಮೇಲೆ ಕ್ಯಾಮೆರಾದ ಬಿಲ್ಲು ಕೇಳಿದರು, ಅದು ಬೀದರ್‌ನಲ್ಲಿ ಅಲಮಾರಿಯೊಳಗಿತ್ತು. ಅವತ್ತಿನ ದಿನ ಪೂರ್ತಿ ಮಣ್ಣು.

ಮರುದಿನ ಬೀರ್‌ಗಂಜ್‌ಗೆ ಕಾಲು ನಡಿಗೆಯಲ್ಲಿ ಹೋದೆ. ನಮ್ಮವರಿಗೆ ವೀಸಾ ಬೇಕಿಲ್ಲ, ಗುರುತಿನ ಚೀಟಿ ಇದ್ದರೆ ಸಾಕು. ನೋಡಿದರೆ ಅರ್ಧಕ್ಕರ್ಧ ಅಂಗಡಿ ಬಂದ್. ಅವತ್ತು ಶನಿವಾರ, ಆಗ ನೇಪಾಳದಲ್ಲಿ ವಾರದ ರಜೆ ಇದ್ದದ್ದು ಶನಿವಾರವೇ ಹೊರತು ಭಾನುವಾರ ಅಲ್ಲ. ಇಷ್ಟು ತಿಳಿಯದೆ ಎರಡು ರಾತ್ರಿ ರೈಲಿನಲ್ಲಿ ಕೂತು ಬಂದಿದ್ದೆ. ಜೇಬಿನಲ್ಲಿ ಐನೂರರ ನೋಟು. ಆಗ ಅಲ್ಲಿ ನಮ್ಮ ನೂರರ ನೋಟಿಗಿಂತ ದೊಡ್ಡದು ನಡೆಯುತ್ತಿರಲಿಲ್ಲ. ಚಹಾದವನು ನೋಟನ್ನು ಮುಟ್ಟಲೂ ಇಲ್ಲ. ಹೊಟ್ಟೆ ಹಸಿದುಕೊಂಡು ವಾಪಸು ಸೇತುವೆ ದಾಟಿ ರಕ್ಸೌಲ್‌ನಲ್ಲಿ ಚೂಡಾ-ದಹಿ (ಅವಲಕ್ಕಿ-ಮೊಸರು) ತಿಂದೆ. ಅಲ್ಲಿ ಬೆಲೆ ಹೇಳುವಾಗ "ಐಸಿ" ಅಂದರೆ ನಮ್ಮ ರೂಪಾಯಿ, "ಎನ್‌ಸಿ" ಅಂದರೆ ಅವರದು. ನಮ್ಮ ನೂರಕ್ಕೆ ಅವರ ನೂರ ಅರವತ್ತು. ಇದನ್ನು ಕೇಳದೆ ಒಂದು ಛತ್ರಿ ಕೊಂಡು ನೂರು ರೂಪಾಯಿ ಹೆಚ್ಚಿಗೆ ಕೊಟ್ಟೆ.

ಆರು ದಿನದಲ್ಲಿ ಹದಿನೆಂಟು ನೂರು ಫ್ರೇಮು. ಮನೆಗೆ ಬಂದು ನೋಡಿದರೆ ಇಡುವಂಥವು ಹನ್ನೊಂದು. ಉಳಿದವೆಲ್ಲ ಬೆನ್ನು, ಛತ್ರಿ, ಇ-ರಿಕ್ಷಾದ ಹಿಂಭಾಗ. ಕದ್ದು ಹೊಡೆಯುವವನಿಗೆ ಮುಖ ಎಲ್ಲಿಂದ ಸಿಗಬೇಕು? ಖರ್ಚು ಹತ್ತೊಂಬತ್ತು ಸಾವಿರದ ಆಸುಪಾಸು. ಮನೆಯವಳು ಲೆಕ್ಕ ಕೇಳಲಿಲ್ಲ, ಅದೇ ಹೆಚ್ಚು ಚುಚ್ಚಿತು.

ಇನ್ನೊಂದು ಎಡವಟ್ಟು ಆಗಿತ್ತು, ಬೇರೆಯವರಿಗೂ ಆಗಬಹುದು. ನೇಪಾಳದ ಗಡಿಯಾರ ನಮ್ಮದಕ್ಕಿಂತ ಹದಿನೈದು ನಿಮಿಷ ಮುಂದೆ. ರಕ್ಸೌಲ್‌ನಲ್ಲಿ ನಿಂತರೂ ಫೋನು ಒಮ್ಮೊಮ್ಮೆ ಆ ಕಡೆಯ ಟವರ್ ಹಿಡಿದು ಟೈಮು ಬದಲಿಸುತ್ತದೆ. ನಾನು ಫೋನಿನಲ್ಲಿ ಬರೆದುಕೊಂಡ ಟಿಪ್ಪಣಿಯನ್ನು ಕ್ಯಾಮೆರಾ ಟೈಮಿಗೆ ಜೋಡಿಸಲು ಹೋಗಿ, ಯಾವ ಫೋಟೊ ಯಾವ ಊರಿನದು ಅಂತಲೇ ತಿಳಿಯದೆ ಒಂದು ವಾರ ಒದ್ದಾಡಿದೆ. ಈಗ ಕೈಗೆ ಮುಳ್ಳಿನ ಗಡಿಯಾರ ಕಟ್ಟುತ್ತೇನೆ. ಊರು ಬದಲಾದಾಗ ಕ್ಯಾಮೆರಾ ಕಾರ್ಡೂ ಬದಲು: ಕೆಂಪು ಡಬ್ಬಿ ಬೀರ್‌ಗಂಜ್, ನೀಲಿ ರಕ್ಸೌಲ್.

ಮುಂದಿನ ವರ್ಷವೆಲ್ಲ ನಮ್ಮ ಕಡೆಯೇ ತಾಲೀಮು. ಲಗ್ನದ ಆರ್ಡರ್ ಮುಗಿಸಿ ಬರುವಾಗ ಒಮ್ಮೆ ಜಹೀರಾಬಾದ್, ಒಮ್ಮೆ ಉದಗೀರ. ಅಲ್ಲಿ ಹಠಕ್ಕೆ ಬಿದ್ದು ನನ್ನ ಲಗ್ನದ ಪದ್ಧತಿಯನ್ನೇ ಬೀದಿಗೆ ಇಳಿಸಿದೆ. ಕೇಳು, ನಿಲ್ಲಿಸು, ಹೊಡೆ, ಮರುದಿನ ಪ್ರಿಂಟ್ ಕೊಡು. ಒಂದು ಊರಿನ ಕ್ಷೌರದವನಿಗೆ ಇನ್ನೊಂದು ಊರಿನ ಕ್ಷೌರದವನು ಜೋಡಿ. ಎರಡರಲ್ಲೂ ಅದೇ 35 ಎಂಎಂ ಲೆನ್ಸ್, ಅದೇ ಎತ್ತರ, ಅದೇ ದೂರ. ಆ ದೂರಕ್ಕೇ ಈ ದಾರ. ದರ್ಜಿಯ ಹತ್ತಿರ ಕೊಂಡ ಎಂಟಡಿ ದಾರದ ಒಂದು ತುದಿ ಕ್ಯಾಮೆರಾ ಬೆಲ್ಟಿಗೆ, ಇನ್ನೊಂದು ತುದಿ ನಿಲ್ಲುವವರ ಕೈಗೆ. ಎಳೆದು ನೆಟ್ಟಗಾದರೆ ಜಾಗ ಸರಿ. ದಾರ ಹಿಡಿದವರು ಕ್ಯಾಮೆರಾ ಮರೆತು ದಾರವನ್ನೇ ನೋಡುತ್ತಾರೆ, ಮುಖ ಸಡಿಲಾಗುತ್ತದೆ. ದಾರ ಕೈಬಿಟ್ಟ ಮೇಲೆ, ಕ್ಲಿಕ್ ಮಾಡುವ ಮೊದಲು ನಾನೊಂದು ಮಾತು ಹೇಳುತ್ತೇನೆ. ಆ ಮಾತು ಏನು ಅಂತ ಇಲ್ಲಿ ಬರೆಯುವುದಿಲ್ಲ, ಹೊಟ್ಟೆಪಾಡು.

ಗುಂಪಿನಲ್ಲಿ ತೋರಿಸಿದರೆ, "ಇದು ಪಾಸ್‌ಪೋರ್ಟ್ ಫೋಟೊದ ಅಣ್ಣ" ಅಂದರು. "ಬೀದಿ ತಾನಾಗೇ ನಡೀಬೇಕು, ನೀ ನಿಲ್ಲಿಸಬ್ಯಾಡ." ಆಯ್ತು ಅಂತ ಸುಮ್ಮನಾದೆ.

ಎರಡನೇ ಸಲ ಹೊರಟದ್ದು 2023ರ ಧನುರ್ಮಾಸದಲ್ಲಿ, ಡಿಸೆಂಬರ್ ಕೊನೆಗೆ. ಅದಕ್ಕೂ ಬೈದವರೇ ಹೆಚ್ಚು. ಆ ಹೊತ್ತಿನಲ್ಲಿ ಆ ಬಯಲು ಸೀಮೆಯೆಲ್ಲ ದಟ್ಟ ಮಂಜು, ರೈಲು ಹತ್ತು ತಾಸು ತಡ, ಫೋಟೊ ಏನು ಮಣ್ಣು ಬರುತ್ತದೆ ಅಂತ. ರೈಲು ತಡವಾದದ್ದು ನಿಜ, ಹನ್ನೆರಡು ತಾಸೋ ಹದಿಮೂರೋ. ಚಳಿ ಬೀದರ್‌ನವನಿಗೆ ಹೊಸದಲ್ಲ, ಆದರೆ ನಮ್ಮ ಚಳಿಗೆ ಬಿಸಿಲಿನ ಜೊತೆ ಇರುತ್ತದೆ. ಅಲ್ಲಿ ನಾಲ್ಕು ದಿನ ಸೂರ್ಯನ ಮುಖವೇ ಕಾಣಲಿಲ್ಲ. ಮುಂಜಾನೆ ಬೀದಿಗೆ ಇಳಿದರೆ ಮೂವತ್ತಡಿ ಆಚೆ ಏನೂ ಇಲ್ಲ. ಕುದುರೆಯ ಗೊರಸಿನ ಸದ್ದು ಮೊದಲು, ಟಾಂಗಾ ಆಮೇಲೆ.

ಆದರೆ ಲಗ್ನದ ಫೋಟೊಗ್ರಾಫರ್ ಕಣ್ಣಿಗೆ ಅದು ಮಂಜಲ್ಲ, ಪರದೆ. ಸ್ಟುಡಿಯೊದಲ್ಲಿ ಎಂಟು ಸಾವಿರ ಕೊಟ್ಟು ತರುವ ಬಿಳಿ ಪರದೆ ಮತ್ತು ಬೆಳಕನ್ನು ಮೆದುವಾಗಿಸುವ ಸಾಫ್ಟ್‌ಬಾಕ್ಸು ಪುಕ್ಕಟೆ ಸಿಕ್ಕ ಹಾಗೆ. ಉದ್ದದ ಲೆನ್ಸಿನವನು ಅರವತ್ತಡಿ ಮಂಜಿನೊಳಗಿಂದ ಹೊಡೆಯಬೇಕು, ಅವನಿಗೆ ಹಾಲೇ ಬರುತ್ತದೆ. ನಾನು ಎಂಟಡಿಯಲ್ಲಿ ನಿಂತರೆ ಮುಖದ ಸುಕ್ಕು ಸಹ ಕಾಣುತ್ತದೆ, ಹಿಂದಿನ ವೈರು, ಬೋರ್ಡು, ಪ್ಲಾಸ್ಟಿಕ್ಕು ಎಲ್ಲ ಮಾಯ. ಆಟೊಫೋಕಸ್ ಹಿಂದೆ ಮುಂದೆ ಒದ್ದಾಡಿತು, ಬಂದ್ ಮಾಡಿ ಎಂಟಡಿಗೆ ಕೈಯಲ್ಲೇ ಇಟ್ಟು ರಿಂಗಿಗೆ ಟೇಪ್ ಸುತ್ತಿದೆ. ಕ್ಯಾಮೆರಾ ಸೆಟ್ಟಿಂಗ್ ಎಫ್ 8, ಐಎಸ್‌ಒ ಸಾವಿರದ ಸುತ್ತ. ಕ್ಯಾಮೆರಾದ ಬೆಳಕಿನ ಮೀಟರಿನ ಮಾತು ಕೇಳಿದರೆ ಮಂಜು ಬೂದು ಬಣ್ಣವಾಗುತ್ತದೆ. ಅದಕ್ಕೆ ಬೆಳಕು ಹೆಚ್ಚಿಸಿ ಪ್ಲಸ್ ಒಂದು, ಕೆಲವೊಮ್ಮೆ ಒಂದೂವರೆ. ವೈಟ್ ಬ್ಯಾಲೆನ್ಸ್ (ಬಣ್ಣದ ಹದ) ಆಟೊದಲ್ಲಿ ಬಿಟ್ಟ ಮೊದಲ ದಿನದ ಜೋಡಿಗಳು ಒಂದು ನೀಲಿ, ಒಂದು ಹಳದಿ ಬಂದವು, ಎಸೆದೆ. ಬ್ಯಾಟರಿ ಬನಿಯನ್ ಒಳಗೆ. ಚಳಿಯಿಂದ ಚಹಾದಂಗಡಿಗೆ ನುಗ್ಗಿದಾಗ ಲೆನ್ಸಿನ ಮೇಲೆ ಬೆವರು ಕೂತು ಇಪ್ಪತ್ತು ನಿಮಿಷ ಹೋದವು. ಆಮೇಲಿಂದ ಒಳಗೆ ಹೋಗುವ ಮೊದಲು ಕ್ಯಾಮೆರಾವನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟುತ್ತಿದ್ದೆ.

ಫ್ಲ್ಯಾಶ್ ಹಾಕಿ ನೋಡಿದೆ. ಮಂಜಿನ ಹನಿಯೆಲ್ಲ ಬಿಳಿ ಚುಕ್ಕಿ, ಅಕ್ಷತೆ ಎರಚಿದ ಹಾಗೆ. ರಾತ್ರಿ ಬೀರ್‌ಗಂಜ್‌ನ ಘಂಟಾಘರದ ಎದುರು ಟ್ರೈಪಾಡ್ ಇಟ್ಟು ಇಪ್ಪತ್ತು ಸೆಕೆಂಡಿನ ಫೋಟೊ ತೆಗೆದೆ; ಗಡಿಯಾರದ ಬದಲು ಹಳದಿ ಮುದ್ದೆ ಬಂತು. ಚೌಬಾರದ ಜೊತೆ ಅದನ್ನು ಜೋಡಿ ಮಾಡುವ ಆಸೆ ಇತ್ತು, ಬಿಟ್ಟೆ.

ಪ್ರಿಂಟಿನದು ಅದೃಷ್ಟ. ನಮ್ಮ ಧನುರ್ಮಾಸ ಅವರಿಗೆ ಖರಮಾಸ, ಅಲ್ಲೂ ಲಗ್ನ ಇಲ್ಲ. ರಕ್ಸೌಲ್‌ನ ಒಂದು ಸ್ಟುಡಿಯೊದವನು ಹೀಟರ್ ಮುಂದೆ ಕೈ ಕಾಯಿಸುತ್ತ ಕೂತಿದ್ದ. ನಾನೂ ನಿನ್ನ ಜಾತಿಯವನೇ ಅಂತ ಆಲ್ಬಮ್ ತೋರಿಸಿದೆ. ನಾಲ್ಕು-ಆರು ಸೈಜಿಗೆ ಏಳು ರೂಪಾಯಿಯಂತೆ ಒಪ್ಪಿದ, ಚಹಾನೂ ಕುಡಿಸಿದ. ಒಟ್ಟು ನೂರ ಎಪ್ಪತ್ತು ಪ್ರಿಂಟ್ ಹಾಕಿಸಿದ ನೆನಪು. ಸಂಜೆ ಪ್ರಿಂಟು, ಮರುದಿನ ಬೆಳಿಗ್ಗೆ ಹಂಚುವುದು. ಮೂರನೇ ದಿನದಿಂದ ನಾನು ಯಾರನ್ನೂ ಕೇಳಬೇಕಾಗಲಿಲ್ಲ, ಅವರೇ "ಏ ದಾರದ ಭೈಯಾ" ಅಂತ ಕರೆದರು. ನನ್ನ ದಖನಿ ಮಾತಿಗೆ ಎರಡೂ ಊರು ನಕ್ಕಿತು. ಎರಡೂ ಕಡೆ ಭೋಜಪುರಿ, ನಾನು "ಹೌ", "ನಕ್ಕೊ" ಅಂದರೆ ಟಾಂಗಾದವರು ತಿರುಗಿ ಅದನ್ನೇ ಹೇಳಿ ಕುಣಿಯುತ್ತಿದ್ದರು. ಬೀರ್‌ಗಂಜ್‌ನಲ್ಲಿ ನೇಪಾಳಿ ಢಾಕಾ ಟೋಪಿಯವರನ್ನು ಕಂಡರೆ "ದಾಯಿ" (ಅಣ್ಣ) ಅನ್ನುವುದನ್ನು ಕಲಿತೆ. ಸೇತುವೆ, ಚೆಕ್‌ಪೋಸ್ಟ್, ಯೂನಿಫಾರ್ಮು, ಈ ಮೂರನ್ನು ಫ್ರೇಮಿನ ಹೊರಗೇ ಇಟ್ಟೆ. ಈ ಸಲ ಒಬ್ಬರೂ ತಡೆಯಲಿಲ್ಲ. ಬಿಲ್ಲೂ ಜೇಬಿನಲ್ಲಿತ್ತು, ಯಾರೂ ಕೇಳಲಿಲ್ಲ!

ಹದಿಮೂರು ದಿನಕ್ಕೆ ಮೂವತ್ತೊಂದು ಜೋಡಿ. ಎಲ್ಲ ಚೆನ್ನಾಗಿವೆ ಅಂತ ಅಲ್ಲ. ಬಳೆ ಅಂಗಡಿಯ ಜೋಡಿಯಲ್ಲಿ ಬೀರ್‌ಗಂಜ್‌ನಾಕೆ ಮಾತ್ರ ಬಂದಳು, ರಕ್ಸೌಲ್‌ನಾಕೆಯ ಗಂಡ ಬೇಡ ಅಂದ. ಹಣ್ಣಿನ ಗಾಡಿಯದು ಸಪ್ಪೆ. ಕ್ಷೌರದವರದು ನನ್ನ ಮೆಚ್ಚಿನದು: ಎರಡೂ ಕಡೆ ರಸ್ತೆ ಬದಿ ಕುರ್ಚಿ, ಮರಕ್ಕೆ ಕಟ್ಟಿದ ಕನ್ನಡಿ, ಕನ್ನಡಿಯಲ್ಲಿ ಮಂಜು. ವ್ಯತ್ಯಾಸ ಬೀರ್‌ಗಂಜ್‌ನವನ ಪಕ್ಕದ ಕ್ಯಾಲೆಂಡರಿನಲ್ಲಿ ಮಾತ್ರ, ಅಲ್ಲಿ ನೇಪಾಳದ ವಿಕ್ರಮ ಸಂವತ್ ಲೆಕ್ಕದ ಇಸವಿ 2080. ಟಾಂಗಾದವನನ್ನು ಯಾವ ಊರಿಗೆ ಹಾಕುವುದು ತಿಳಿಯಲಿಲ್ಲ, ದಿನಕ್ಕೆ ಎಂಟು ಸಲ ದಾಟುತ್ತಾನೆ. ಅವನನ್ನೇ ಎರಡು ಕಡೆ ನಿಲ್ಲಿಸಿ ಅವನಿಗೆ ಅವನನ್ನೇ ಜೋಡಿ ಮಾಡಿದೆ. ಕುದುರೆ ಒಂದರಲ್ಲಿ ಕಣ್ಣು ಮುಚ್ಚಿದೆ.

ಮಂಜು ಹನ್ನೊಂದು ಗಂಟೆಗೆ ಸ್ವಲ್ಪ ಎತ್ತಿದಾಗ ಅದೇ ಜಾಗದಿಂದ ಇಡೀ ಬೀದಿಯನ್ನೂ ತೆಗೆದಿಟ್ಟುಕೊಂಡೆ. ಬರೀ ಮುಖವಾದರೆ ಊರು ಎಲ್ಲಿ ಅಂತ ಕೇಳುವವರು ಇದ್ದೇ ಇರುತ್ತಾರೆ.

ಖರ್ಚು: ರೈಲು, ರೂಮು, ಊಟ, ಪ್ರಿಂಟು ಸೇರಿ ಹದಿನಾರು ಸಾವಿರ. ರೂಮು ರಕ್ಸೌಲ್‌ನಲ್ಲೇ, ದಿನಕ್ಕೆ ನಾಲ್ಕು ನೂರು. ಬಿಸಿನೀರಿನ ಬಕೆಟಿಗೆ ಇಪ್ಪತ್ತು ಬೇರೆ. ಈ ಸಲ ನೂರರ ನೋಟಿನ ಎರಡು ಕಟ್ಟು ಬೀದರ್‌ನಿಂದಲೇ ಒಯ್ದಿದ್ದೆ. ಸಂಕ್ರಾಂತಿ ದಿನ ಸ್ಟುಡಿಯೊದವನ ಮನೆಯಲ್ಲಿ ಚೂಡಾ-ದಹಿ, ಎಳ್ಳಿನ ಸಿಹಿ ತಿಲಕುಟ್. ನಾನು ಒಯ್ದ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ ಅಷ್ಟೊತ್ತಿಗೆ ಹಪ್ಪಳವಾಗಿತ್ತು, ಆದರೂ ತಿಂದರು.

ಮುಂದಿನ ಮಳೆಗಾಲದಲ್ಲಿ ಬೀದರ್‌ನಲ್ಲಿ ಒಂದು ಬಾಡಿಗೆ ಹಾಲ್‌ನಲ್ಲಿ ಇಪ್ಪತ್ತನಾಲ್ಕು ಜೋಡಿ ತೂಗುಹಾಕಿದೆ, ಅದೇ ದರ್ಜಿ ದಾರಕ್ಕೆ ಕ್ಲಿಪ್ ಹಾಕಿ. ಕೆಳಗೆ ಊರಿನ ಹೆಸರು ಬರೆಯಲಿಲ್ಲ. ಯಾವುದು ನಮ್ಮದು, ಯಾವುದು ನೇಪಾಳ ಅಂತ ಚೀಟಿ ಬರೆದು ಡಬ್ಬಿಗೆ ಹಾಕಿ ಅಂದೆ. ಇನ್ನೂರು ಚಿಲ್ಲರೆ ಚೀಟಿ ಬಂದವು, ಇಪ್ಪತ್ತನಾಲ್ಕಕ್ಕೆ ಹದಿನೈದರ ಮೇಲೆ ಸರಿ ಹೇಳಿದವರು ಮೂವರೋ ನಾಲ್ವರೋ. "ಗದ್ದ ಮ್ಯಾಲ" ಅಂದ ಹಿರಿಯರೂ ಚೀಟಿ ಹಾಕಿದರು. ಒಂಬತ್ತು ಸರಿ. ಚೀಟಿ ಈಗಲೂ ನನ್ನ ಹತ್ತಿರ ಇದೆ, ಗುಂಪು ಸೇರಿದಾಗ ಅವರು ಅದನ್ನು ವಾಪಸು ಕೇಳುತ್ತಾರೆ, ನಾನು ಕೊಡುವುದಿಲ್ಲ.

ಮಾರಿದ್ದು ಹನ್ನೊಂದು ಜೋಡಿ, ಜೋಡಿಗೆ ಎರಡು ಸಾವಿರದಂತೆ. ಹಾಲ್ ಬಾಡಿಗೆ ಮತ್ತು ಪ್ರಿಂಟಿನ ಸಾಲ ತೀರಿತು, ಮೊದಲ ಪ್ರವಾಸದ ಹತ್ತೊಂಬತ್ತು ಸಾವಿರ ಮಾತ್ರ ಹಾಗೇ ಉಳಿದಿದೆ. ಇನ್ನು ಇದೇ ಗಡಿಯ ಮತ್ತೊಂದು ಜೋಡಿ ಊರು, ಜೋಗಬನಿ–ಬಿರಾಟನಗರ. ದಾರ ಸವೆದಿದೆ, ಹೊಸದು ತರಬೇಕು.