ಕೆಂಪು ಕಲ್ಲು, ಹಸಿರು ಪಾಚಿ: ಕಪ್ಪು-ಬಿಳುಪು ಚಿತ್ರ ಹೀಗೆ ಮಾಡಿ

ಮಳೆಗಾಲದಲ್ಲಿ ಕುಮಟಾ ಹತ್ತಿರದ ಮಿರ್ಜಾನ್ ಕೋಟೆ ನೋಡಬೇಕು. ಚಿರೇಕಲ್ಲಿನ ಗೋಡೆ ಕೆಂಪಗೆ, ಅದರ ಮೇಲೆ ಪಾಚಿ ಹಚ್ಚ ಹಸಿರು. ಅಲ್ಲಿಗೆ ಹೋದವರೆಲ್ಲ ಫೋಟೋ ತೆಗೆಯುತ್ತಾರೆ. ಹಳೇ ಕೋಟೆ ಅಲ್ವಾ, ಕಪ್ಪು-ಬಿಳುಪು ಚೆನ್ನಾಗಿರುತ್ತದೆ ಅಂತ ಫೋನಿನಲ್ಲೇ ಬಣ್ಣ ತೆಗೆದುಬಿಡುತ್ತಾರೆ. ಆಮೇಲೆ ನೋಡಿದರೆ ಗೋಡೆ ಯಾವುದು, ಪಾಚಿ ಯಾವುದು ಗೊತ್ತಾಗುವುದಿಲ್ಲ. ಇಡೀ ಚಿತ್ರಕ್ಕೆ ಬೂದಿ ಬಳಿದ ಹಾಗಿರುತ್ತದೆ. ಇಷ್ಟು ಒಳ್ಳೆಯ ಜಾಗದ ಚಿತ್ರ ಹೀಗೆ ಹಾಳಾಗುವುದನ್ನು ನೋಡಿ ನೋಡಿ ಬೇಜಾರಾಗಿಯೇ ಇದನ್ನು ಬರೆಯುತ್ತಿದ್ದೇನೆ.

ಹಂತ 1: ಬಣ್ಣದಲ್ಲೇ ತೆಗೆಯಿರಿ. ಕ್ಯಾಮೆರಾದಲ್ಲಿ ರಾ ಫೈಲ್ (ಸೆನ್ಸರ್ ಕಂಡದ್ದನ್ನು ತಿದ್ದದೆ ಉಳಿಸುವ ಫೈಲ್) ಆಯ್ಕೆ ಮಾಡಿ, ಪಿಕ್ಚರ್ ಸ್ಟೈಲನ್ನು ಮೊನೋಕ್ರೋಮ್‌ಗೆ ಇಡಿ. ಆಗ ಪರದೆಯಲ್ಲಿ ಕಪ್ಪು-ಬಿಳುಪು ಕಾಣುತ್ತದೆ, ಫೈಲಿನಲ್ಲಿ ಬಣ್ಣ ಪೂರ್ತಿ ಉಳಿಯುತ್ತದೆ. ಜೆಪೆಗ್‌ನಲ್ಲಿ ಒಂದೊಂದು ಬಣ್ಣಕ್ಕೆ 0ಯಿಂದ 255ರವರೆಗೆ 256 ಮೆಟ್ಟಿಲು ಮಾತ್ರ. 14 ಬಿಟ್ ರಾ ಫೈಲಿನಲ್ಲಿ 16,384. ಬೂದು ಬಣ್ಣದ ಹದ ಹುಡುಕುವವರಿಗೆ ಈ ವ್ಯತ್ಯಾಸ ದೊಡ್ಡದು. ಫೋನಿನವರು ಲೈಟ್‌ರೂಮ್ ಆ್ಯಪ್‌ನ ಕ್ಯಾಮೆರಾದಲ್ಲಿ ಡಿಎನ್‌ಜಿ ಎಂಬ ರಾ ಫೈಲ್ ಸಿಗುತ್ತದಾ ನೋಡಿಕೊಳ್ಳಿ.

ಹಂತ 2: ಬಿಳಿ ಸುಡದಂತೆ ನೋಡಿಕೊಳ್ಳಿ. ಯಾಣದಲ್ಲಿ ಎಲ್ಲರೂ ಎಡವುವುದು ಇಲ್ಲೇ. 120 ಮೀಟರ್ ಎತ್ತರದ ಕಪ್ಪು ಭೈರವೇಶ್ವರ ಶಿಖರಕ್ಕೆ ಬೆಳಕು ಹೊಂದಿಸಿದರೆ ಹಿಂದಿನ ಆಕಾಶ ಬರೀ ಬಿಳಿ ಹಾಳೆ. ಒಂದು ಸ್ಟಾಪ್ ಕಡಿಮೆ ಮಾಡಿ, ಅಂದರೆ ಬೆಳಕನ್ನು ಅರ್ಧಕ್ಕೆ ಇಳಿಸಿ ತೆಗೆಯಿರಿ. ಕತ್ತಲಲ್ಲಿರುವ ಕಲ್ಲನ್ನು ಆಮೇಲೆ ಎತ್ತಬಹುದು, ಸುಟ್ಟುಹೋದ ಆಕಾಶವನ್ನು ವಾಪಸ್ ತರಲು ಆಗುವುದಿಲ್ಲ.

ಇಲ್ಲೇ ಒಂದು ಮಾತು. ಲೆನ್ಸ್ ಮುಂದೆ ಅಗ್ಗದ ಯುವಿ ಫಿಲ್ಟರ್ ಇದ್ದರೆ ತೆಗೆದಿಡಿ. ಕಾರವಾರದ ಟ್ಯಾಗೋರ್ ಬೀಚಿನಲ್ಲಿ ಸಂಜೆ ಸೂರ್ಯನಿಗೆ ಎದುರಾಗಿ ನಿಂತರೆ ಅಂಥ ಗಾಜು ಕಪ್ಪನ್ನೆಲ್ಲ ಮಬ್ಬು ಮಾಡುತ್ತದೆ. ಕಡಲ ಗಾಳಿಯ ಉಪ್ಪು ಕೂತಿದ್ದರೂ ಅದೇ ಗತಿ. ಮೊದಲು ಬ್ಲೋವರ್‌ನಿಂದ ಊದಿ, ಆಮೇಲೆ ಮೈಕ್ರೋಫೈಬರ್ ಬಟ್ಟೆಯಿಂದ ಒರೆಸಿ. ಅಂಗಿಯ ತುದಿ ಬೇಡ.

ಹಂತ 3: ಯಾವ ಬಣ್ಣ ಎಷ್ಟು ಬೂದು ಅಂತ ನೀವೇ ತೀರ್ಮಾನಿಸಿ. ಇಡೀ ಕೆಲಸ ನಿಂತಿರುವುದು ಇದರ ಮೇಲೆ.

ಬಣ್ಣವನ್ನು ಬೂದು ಮಾಡಲು ಸಾಫ್ಟ್‌ವೇರ್‌ಗಳು ಬಳಸುವ ಒಂದು ಹಳೆಯ ಲೆಕ್ಕ ಇದೆ: ಕೆಂಪಿನ ಶೇ 30, ಹಸಿರಿನ ಶೇ 59, ನೀಲಿಯ ಶೇ 11. ಈಗ ಮಿರ್ಜಾನ್ ಗೋಡೆಯಲ್ಲಿ ಕೆಂಪು 150, ಹಸಿರು 75, ನೀಲಿ 55 ಇದೆ ಅಂದುಕೊಳ್ಳಿ. ಪಾಚಿಯಲ್ಲಿ ಕೆಂಪು 80, ಹಸಿರು 115, ನೀಲಿ 40. ಕೂಡಿಸಿ ನೋಡಿ. ಗೋಡೆಗೆ 95 ಬರುತ್ತದೆ, ಪಾಚಿಗೆ 96. ಕಣ್ಣಿಗೆ ಎಷ್ಟೋ ಬೇರೆ ಇದ್ದ ಎರಡು ಬಣ್ಣ ಒಂದೇ ಬೂದು ಆಗಿಬಿಟ್ಟವು. ಇನ್ನು ಕಾಂಟ್ರಾಸ್ಟ್ ಎಷ್ಟು ಎಳೆದರೂ ಅವು ಬೇರೆಯಾಗುವುದಿಲ್ಲ.

ಅದರ ಬದಲು ಕೆಂಪು ಶೇ 80, ಹಸಿರು ಶೇ 30, ನೀಲಿ ಮೈನಸ್ 10 ಇಡಿ. ಮೂರೂ ಸೇರಿ ನೂರೇ ಆಯಿತು. ಈಗ ಗೋಡೆ 137, ಪಾಚಿ 95ರ ಹತ್ತಿರ. ಗೋಡೆ ಬೆಳಗುತ್ತದೆ, ಪಾಚಿ ಹಿಂದೆ ಸರಿಯುತ್ತದೆ. ಗಿಂಪ್‌ನಲ್ಲಿ ಇದಕ್ಕೆ ಮೊನೋ ಮಿಕ್ಸರ್ ಇದೆ, ಆ ಸಾಫ್ಟ್‌ವೇರ್‌ಗೆ ದುಡ್ಡು ಕೊಡಬೇಕಿಲ್ಲ. ಲೈಟ್‌ರೂಮ್‌ನಲ್ಲಿ ಎಂಟು ಬಣ್ಣಕ್ಕೆ ಎಂಟು ಸ್ಲೈಡರ್. ಸ್ನ್ಯಾಪ್‌ಸೀಡ್‌ನಲ್ಲಿ ಕಪ್ಪು-ಬಿಳುಪು ಆಯ್ಕೆಯೊಳಗೆ ಕಲರ್ ಫಿಲ್ಟರ್ ಇದೆ, ಅಲ್ಲಿ ಕೆಂಪು ಅಥವಾ ಕಿತ್ತಳೆ ಒತ್ತಿ. ಶಿರಸಿಯ ಬೇಡರ ವೇಷ, ಯಕ್ಷಗಾನದ ಉಡುಪು, ಎಲ್ಲೆಲ್ಲಿ ಕೆಂಪು ಹಸಿರು ಅಕ್ಕಪಕ್ಕ ಬರುತ್ತವೋ ಅಲ್ಲೆಲ್ಲ ಇದೇ ದಾರಿ.

ನೀಲಿ ಸ್ಲೈಡರ್ ಬಗ್ಗೆ ಹುಷಾರು. ಚಳಿಗಾಲದ ಕಾರವಾರದ ಆಕಾಶಕ್ಕೆ ನೀಲಿ ಇಳಿಸಿದರೆ ಮೋಡ ಎದ್ದು ಬರುತ್ತದೆ, ನಿಜ. ಅದೇ ಆಸೆಯಲ್ಲಿ ಕೊನೆಯವರೆಗೂ ಎಳೆಯುತ್ತಾರೆ. ಆಗ ಆಕಾಶದಲ್ಲಿ ಕಾಳುಕಾಳು ಏಳುತ್ತದೆ, ಗಾಳಿ ಮರದ ಸೂಜಿಯಂಥ ಎಲೆಗಳ ಸುತ್ತ ಬಿಳಿ ಗೆರೆ ಕಟ್ಟುತ್ತದೆ. ಜೆಪೆಗ್‌ನಲ್ಲಿ ಇದು ಇನ್ನೂ ಜಾಸ್ತಿ. ಆ ಫೈಲು ಬೆಳಕಿನ ವಿವರವನ್ನು ಹೆಚ್ಚಾಗಿ ಇಟ್ಟುಕೊಂಡರೂ ಬಣ್ಣದ ವಿವರವನ್ನು ಸಾಮಾನ್ಯವಾಗಿ ಕಡಿಮೆ ಮಾಡಿಯೇ ಉಳಿಸುತ್ತದೆ. ಚಿತ್ರವನ್ನು ನೂರಕ್ಕೆ ನೂರು ಹಿಗ್ಗಿಸಿ ನೋಡುತ್ತಾ ಇಳಿಸಿ, ಕಾಳು ಕಂಡ ಕೂಡಲೇ ನಿಲ್ಲಿಸಿ. ಆಷಾಢದ ಆಕಾಶಕ್ಕಂತೂ ಈ ಸ್ಲೈಡರ್ ಮುಟ್ಟಬೇಡಿ. ಅಲ್ಲಿ ನೀಲಿಯೇ ಇಲ್ಲ, ಏನು ಇಳಿಸುವುದು?

ಮುಖಗಳಿಗೆ ಕಿತ್ತಳೆ ಸ್ಲೈಡರ್. ಮೇಲೆತ್ತಿದರೆ ಚರ್ಮ ಬೆಳ್ಳಗಾಗಿ ನುಣುಪಾಗುತ್ತದೆ, ಮದುವೆ ಆಲ್ಬಮ್ಮಿನವರು ಮಾಡುವುದು ಇದನ್ನೇ. ನನಗೆ ಅದು ಸ್ವಲ್ಪವೂ ಸರಿ ಕಾಣುವುದಿಲ್ಲ. ಮೀನು ಮಾರುವ ಅಜ್ಜಿಯ ಮುಖ, ಹಾಲಕ್ಕಿ ಹೆಂಗಸರ ಮುಖ ಬಿಸಿಲು ಉಂಡ ಮುಖಗಳು. ಕಿತ್ತಳೆಯನ್ನು ಸ್ವಲ್ಪ ಕೆಳಗೇ ಇಳಿಸಿ. ಒಂದೊಂದು ಗೆರೆಯೂ ಬರುತ್ತದೆ, ಕೊರಳಿನ ಮಣಿಸರದ ಹೊಳಪೂ ಚರ್ಮದಿಂದ ಬೇರೆಯಾಗಿ ನಿಲ್ಲುತ್ತದೆ.

ಸ್ಲೈಡರ್‌ಗಳನ್ನು ಮೊದಲೇ ಹೊಂದಿಸಿಟ್ಟು ವಿಂಟೇಜ್ ಪ್ರೀಸೆಟ್ ಪ್ಯಾಕ್ ಅಂತ ಮಾರುತ್ತಾರಲ್ಲ, ದಯವಿಟ್ಟು ಕೊಳ್ಳಬೇಡಿ. ನಿಮ್ಮ ಗೋಡೆಯ ಕೆಂಪು ಅದನ್ನು ಮಾಡಿದವನಿಗೆ ಗೊತ್ತಿರುವುದಿಲ್ಲ.

ಹಂತ 4: ಕರ್ವ್ಸ್‌ನಲ್ಲಿ ಕಪ್ಪನ್ನು ಚೂರು ಇಳಿಸಿ, ಬಿಳಿಯನ್ನು ಚೂರು ಏರಿಸಿ. ಎಲ್ಲೋ ಒಂದು ಕಡೆ ಗಟ್ಟಿ ಕಪ್ಪು ಇರಲೇಬೇಕು. ಕ್ಲಾರಿಟಿ ಸ್ಲೈಡರ್ ಜಾಸ್ತಿ ಬೇಡ.

ಹಂತ 5: ಸೆಪಿಯಾ, ಅಂದರೆ ಹಳೇ ಫೋಟೋಗಳ ಕಂದು ಛಾಯೆ, ಬೇಕಿದ್ದರೆ. ಕಪ್ಪು-ಬಿಳುಪು ಚೆನ್ನಾಗಿ ಬಂದ ಮೇಲೆ ಮಾತ್ರ ಇದಕ್ಕೆ ಕೈ ಹಾಕಿ. ಸಪ್ಪೆ ಚಿತ್ರಕ್ಕೆ ಕಂದು ಬಳಿದರೆ ಸಪ್ಪೆ ಕಂದು ಚಿತ್ರವೇ ಸಿಗುವುದು. ಡಾರ್ಕ್‌ರೂಮ್ ಕಾಲದಲ್ಲಿ ಚಿತ್ರದಲ್ಲಿನ ಬೆಳ್ಳಿಯನ್ನು ರಾಸಾಯನಿಕದಿಂದ ಸಿಲ್ವರ್ ಸಲ್ಫೈಡ್ ಮಾಡುತ್ತಿದ್ದರು. ಅದರ ಬಣ್ಣ ಕಂದು, ಬೇಗ ಮಾಸುವುದಿಲ್ಲ. ಅದಕ್ಕೆ ಮೊದಲು ಚಿತ್ರವನ್ನು ಮಸುಕು ಮಾಡುವ ಬ್ಲೀಚನ್ನು ಅರ್ಧಕ್ಕೆ ನಿಲ್ಲಿಸಿದರೆ ತಿಳಿ ಭಾಗಗಳು ಮೊದಲು ಕಂದಾಗಿ, ಗಾಢ ನೆರಳು ಕಪ್ಪಾಗಿಯೇ ಉಳಿಯುತ್ತಿತ್ತು. ನೀವೂ ಹಾಗೇ ಮಾಡಿ. ಲೈಟ್‌ರೂಮ್‌ನ ಕಲರ್ ಗ್ರೇಡಿಂಗ್‌ನಲ್ಲಿ ಮಿಡ್‌ಟೋನ್ (ನಡು ಬೂದು) ಮತ್ತು ಹೈಲೈಟ್‌ಗೆ (ತಿಳಿ ಭಾಗಕ್ಕೆ) ಹ್ಯೂ 40ರ ಹತ್ತಿರ, ಸ್ಯಾಚುರೇಶನ್ 10ರಿಂದ 15. ಶ್ಯಾಡೋ (ನೆರಳು) ಮುಟ್ಟಬೇಡಿ. ಫೋನಿನ ಸೆಪಿಯಾ ಫಿಲ್ಟರ್ ಬಿಳಿ, ಕಪ್ಪು ನೋಡದೆ ಎಲ್ಲಕ್ಕೂ ಅರಿಶಿನ ಸುರಿಯುತ್ತದೆ.

ಹಂತ 6: ಪ್ರಿಂಟ್. ಫೈಲನ್ನು ಎಸ್‌ಆರ್‌ಜಿಬಿ ಎಂಬ ಬಣ್ಣದ ಮಾನಕದಲ್ಲಿ ಕೊಡಿ. ಲ್ಯಾಬಿನವರಿಗೆ ಆಟೋ ಕರೆಕ್ಷನ್ ಆಫ್ ಮಾಡಲು ಮರೆಯದೆ ಹೇಳಿ. ಇಲ್ಲದಿದ್ದರೆ ಮಷೀನು ನಿಮ್ಮ ಸೆಪಿಯಾವನ್ನು ಬಣ್ಣ ಕೆಟ್ಟ ಫೋಟೋ ಅಂದುಕೊಂಡು ತಿದ್ದಿಬಿಡುತ್ತದೆ. ಮೊದಲು 4x6 ಅಳತೆಯ ಒಂದು ಪ್ರಿಂಟ್ ಹಾಕಿಸಿ, ಹೊರಗೆ ಹಗಲು ಬೆಳಕಿನಲ್ಲಿ ನೋಡಿ. ಅಂಗಡಿಯ ಟ್ಯೂಬ್‌ಲೈಟಿನಲ್ಲಿ ಹಸಿರು ಅಥವಾ ಗುಲಾಬಿ ಛಾಯೆ ಸರಿಯಾಗಿ ಗೊತ್ತಾಗುವುದಿಲ್ಲ. ಕಾಗದ ಲಸ್ಟರ್ (ಸ್ವಲ್ಪ ಹೊಳಪಿನದು) ಇರಲಿ, ಮ್ಯಾಟ್‌ನಲ್ಲಿ ಕಪ್ಪು ಅಷ್ಟು ಗಾಢ ಬರುವುದಿಲ್ಲ. ಫ್ರೇಮ್ ಹಾಕಿಸುವಾಗ ಗಾಜು ನೇರ ಚಿತ್ರಕ್ಕೆ ತಾಗದಂತೆ ಮಧ್ಯೆ ಮೌಂಟ್ ಬೋರ್ಡ್ ಇಡಿಸಿ. ನಮ್ಮ ಕರಾವಳಿಯ ತೇವಕ್ಕೆ ಪ್ರಿಂಟ್ ಗಾಜಿಗೆ ಅಂಟಿಕೊಂಡರೆ ಬಿಡಿಸುವಾಗ ಕಿತ್ತು ಬರುತ್ತದೆ.